ನಿಮ್ಮ ಪುಸ್ತಕವನ್ನು ನೀವೇ ಹೊರುವ ವಿಧಾನ

ಬಳಕೆದಾರರ ಕೈಪಿಡಿ: ಸೇಲಂ–ಧರ್ಮಪುರಿ ಮಾದರಿ

ಕನ್ನಡ ಲೇಖಕರಾಗಲು ನಿರ್ಧರಿಸಿದ್ದಕ್ಕೆ ಅಭಿನಂದನೆಗಳು. ಅದರಲ್ಲೂ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಕೂತು ಈ ನಿರ್ಧಾರಕ್ಕೆ ಬಂದಿದ್ದೀರೆಂದರೆ ಅಭಿನಂದನೆಯ ಜೊತೆಗೆ ಒಂದಿಷ್ಟು ಸಂತಾಪವನ್ನೂ ಲಗತ್ತಿಸಿದೆ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೂ ಪುಸ್ತಕ ತರಲೇಬೇಕೆನಿಸಿದರೆ ಒಂದು ಲೋಟ ಕಾಫಿ ಕುಡಿದು ಇನ್ನೊಮ್ಮೆ ಓದಿ. ಆಗಲೂ ಹಟ ಇಳಿಯದಿದ್ದರೆ ನಿಮ್ಮಲ್ಲಿ ತಯಾರಿಕಾ ದೋಷವಿದೆ. ಅದಕ್ಕೆ ರಿಪೇರಿ ಇಲ್ಲ. ಈ ಕೈಪಿಡಿ ಬರೆದವನಲ್ಲೂ ಅದೇ ದೋಷವಿದೆ.

1. ಪೆಟ್ಟಿಗೆಯೊಳಗೆ ಏನೇನಿದೆ

ಹಸ್ತಪ್ರತಿ, 1. ಮುನ್ನುಡಿ ಬರೆದುಕೊಡುತ್ತೇನೆಂದು ಒಪ್ಪಿ ಆರು ತಿಂಗಳಿಂದ ಫೋನು ಎತ್ತದ ಹಿರಿಯರು, 1. ‘ಪುಸ್ತಕ ಬಂದ ತಕ್ಷಣ ಹೇಳಪ್ಪ, ಹತ್ತು ಪ್ರತಿ ನನಗೇ ಇಡು’ ಎಂದ ನೆಂಟರು, 40. ಹಣ: ಪೆಟ್ಟಿಗೆಯಲ್ಲಿಲ್ಲ. ಓದುಗ: ಚಿತ್ರದಲ್ಲಿ ತೋರಿಸಿದ್ದು ಅಲಂಕಾರಕ್ಕಾಗಿ ಮಾತ್ರ, ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು.

ಈ ಕೊನೆಯ ಬಿಡಿಭಾಗದ ಬಗ್ಗೆ ಎರಡು ಮಾತು. ಸೇಲಂನಲ್ಲಿ ಕನ್ನಡಕ್ಕೆ ಬರವಿಲ್ಲ. ದೇವಾಂಗರ ಬೀದಿಗಳಲ್ಲಿ ಮಗ್ಗದ ಸದ್ದಿನ ನಡುವೆ ಬೈಗುಳವೂ ಕನ್ನಡದಲ್ಲೇ, ಚೌಡೇಶ್ವರಿಗೆ ಹೊತ್ತ ಹರಕೆಯೂ ಕನ್ನಡದಲ್ಲೇ. ತಲೆಮಾರುಗಳ ಹಿಂದೆ ಗಂಟುಮೂಟೆಯೊಂದಿಗೆ ಬಂದ ಕನ್ನಡ ಅಡುಗೆಮನೆ ಬಿಟ್ಟು ಹೋಗಿಲ್ಲ. ಆದರೆ ಅದು ಬಾಯಲ್ಲಿದೆ, ಕಿವಿಯಲ್ಲಿದೆ, ಕಣ್ಣಲ್ಲಿ ಇಲ್ಲ. ನಮ್ಮ ಅವ್ವ ಅರವತ್ತೆಂಟು ವರ್ಷ ಕನ್ನಡ ಮಾತಾಡಿದ್ದಾಳೆ, ಒಂದಕ್ಷರ ಕನ್ನಡ ಓದಿಲ್ಲ. ಅವಳು ಓದುವುದು ತಮಿಳು. ನಾನು ಅಕ್ಷರ ಕಲಿತದ್ದೂ ಹೊಟ್ಟೆಪಾಡಿಗೆ ಬೆಂಗಳೂರು ಸೇರಿದ ಮೇಲೆ, ಸಿಟಿ ಬಸ್ಸಿನ ಬೋರ್ಡು ಓದುತ್ತಾ.

ಸರ್ಕಾರಿ ಗಡಿಗಳೂ ಓದುಗನನ್ನು ಚೂರು ಚೂರು ಮಾಡಿವೆ. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿಯಾಯಿತು. ಕನ್ನಡ ಶಾಲೆಗಳಿದ್ದ ಹೊಸೂರು, ಡೆಂಕಣಿಕೋಟೆಯ ಸೀಮೆ ಆ ಕಡೆ ಹೋಯಿತು. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ಬದುಕುವ ನೆಲದ ಭಾಷೆ ಕಲಿಯಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಕನ್ನಡ ಪುಸ್ತಕ ಹಿಡಿದು ಹೊರಟ ಲೇಖಕನ ಲೆಕ್ಕಕ್ಕೆ ಇದರ ಅರ್ಥ ಇಷ್ಟೇ: ಬೀದಿಯಲ್ಲಿ ಸಾವಿರ ಕನ್ನಡಿಗರಿದ್ದರೆ ಓದುಗರು ಹತ್ತು ಮಂದಿ. ಆ ಹತ್ತರಲ್ಲಿ ಒಂಬತ್ತು ಮಂದಿ ಪುಸ್ತಕವನ್ನು ಪುಕ್ಕಟೆ ಬಯಸುವ ನೆಂಟರು.

2. ನಿಮ್ಮ ಮಾದರಿಯನ್ನು ಗುರುತಿಸಿಕೊಳ್ಳಿ

ಮಾರುಕಟ್ಟೆಯಲ್ಲಿ ಎರಡು ಮಾದರಿಗಳಿವೆ. ಸೇಲಂನವರಿಗೆ ಇವನ್ನು ವಿವರಿಸಬೇಕಿಲ್ಲ, ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಎರಡರಲ್ಲಿ ಒಂದು ನಡೆಯುತ್ತದೆ.

ಕೂಲಿ ಮಗ್ಗ: ಸಾಹುಕಾರ ರೇಷ್ಮೆ ಕೊಡುತ್ತಾನೆ, ಜರಿ ಕೊಡುತ್ತಾನೆ, ಡಿಸೈನೂ ಅವನದೇ. ನೀವು ನೇಯ್ದು ಸೀರೆ ಒಪ್ಪಿಸಿ ಕೂಲಿ ತೆಗೆದುಕೊಂಡು ಬರುತ್ತೀರಿ. ಸೀರೆ ಯಾರ ಮದುವೆಗೆ ಹೋಯಿತು, ಎಷ್ಟಕ್ಕೆ ಹೋಯಿತು ನಿಮಗೆ ತಿಳಿಯದು. ಸೀರೆ ಮಾರಾಟವಾಗದಿದ್ದರೆ ನಿದ್ದೆಗೆಡುವವನು ಅವನು. ಸಾಹಿತ್ಯದಲ್ಲಿ ಇದಕ್ಕೆ ‘ಪ್ರಕಾಶಕರು ತಂದ ಪುಸ್ತಕ’ ಎನ್ನುತ್ತಾರೆ.

ಸ್ವಂತ ಮಗ್ಗ: ನೂಲು ನಿಮ್ಮದು, ಸಾಲ ನಿಮ್ಮದು, ಬಣ್ಣ ನಿಮ್ಮಿಷ್ಟ. ಲಾಭ ಬಂದರೆ ಪೂರ್ತಿ ನಿಮಗೇ. ಬರದಿದ್ದರೆ ಸೀರೆಯನ್ನು ಹೆಂಡತಿ ಉಡುತ್ತಾಳೆ. ಸಾಹಿತ್ಯದಲ್ಲಿ ಇದು ‘ಲೇಖಕರೇ ಪ್ರಕಾಶಕರು’. ಮಾರಾಟವಾಗದ ಪುಸ್ತಕವನ್ನು ಹೆಂಡತಿ ಉಡಲಾರಳು ಎಂಬುದೊಂದೇ ವ್ಯತ್ಯಾಸ.

ಮೂರನೆಯದೂ ಒಂದಿದೆ, ಅದನ್ನು ಎಚ್ಚರಿಕೆಯ ಕೆಂಪು ಅಕ್ಷರದಲ್ಲಿ ಓದಿಕೊಳ್ಳಿ. ಹಣ ನಿಮ್ಮದು, ಆದರೆ ಪುಸ್ತಕದ ಮೇಲೆ ಹೆಸರು ಬೇರೆಯವರದು. ನೀವು ಕಟ್ಟಿದ ಹಣಕ್ಕೆ 200 ಪ್ರತಿ ನಿಮಗೆ ‘ಗೌರವಪೂರ್ವಕ’. ನೂಲೂ ನೀವೇ ಕೊಟ್ಟು, ನೇಯ್ದೂ ಕೊಟ್ಟು, ಸಾಹುಕಾರನಿಗೆ ಕೈಮುಗಿಯುವ ಮಾದರಿ ಇದು. ಹೊರದೇಶದಲ್ಲೂ ಇದು ಹಳೆಯ ರೋಗ. ಮಾರ್ಸೆಲ್ ಪ್ರೂಸ್ಟ್ ತನ್ನ ಮಹಾಕಾದಂಬರಿಯ ಮೊದಲ ಸಂಪುಟವನ್ನು 1913ರಲ್ಲಿ ಕೈಯಿಂದಲೇ ಖರ್ಚು ಕೊಟ್ಟು ತಂದ. ನೀವು ಪ್ರೂಸ್ಟ್ ಆಗಿದ್ದರೆ ಈ ಎಚ್ಚರಿಕೆಯನ್ನು ಕಡೆಗಣಿಸಬಹುದು.

3. ಕೂಲಿ ಮಗ್ಗ ನಡೆಸುವ ವಿಧಾನ

ಹಂತ ಒಂದು: ಹಸ್ತಪ್ರತಿಯನ್ನು ಬೆಂಗಳೂರಿಗೋ ಧಾರವಾಡಕ್ಕೋ ಮೈಸೂರಿಗೋ ಕಳಿಸಿ. ಸೇಲಂನಿಂದ ಬೆಂಗಳೂರು 200 ಕಿಲೋಮೀಟರು. ತೋಪೂರು ಘಾಟಿ ಹತ್ತಿ, ಧರ್ಮಪುರಿ ದಾಟಿ, ಹೊಸೂರಿನ ಟ್ರಾಫಿಕ್ಕಿನಲ್ಲಿ ನಿಂತು ಹೋದರೂ ಬಸ್ಸು ಐದಾರು ತಾಸಿಗೆ ತಲುಪುತ್ತದೆ. ಹಸ್ತಪ್ರತಿಗೆ ಉತ್ತರ ಬರಲು ಅದೇ ರಸ್ತೆಯಲ್ಲಿ ವರ್ಷ ಹಿಡಿಯಬಹುದು.

ಹಂತ ಎರಡು: ಕಾಯುವಾಗ ಮಾವಿನ ಹಣ್ಣು ತಿನ್ನಿ. ತೋತಾಪುರಿಗೆ ನಮ್ಮ ಕಡೆ ‘ಬೆಂಗಳೂರಾ’ ಎನ್ನುತ್ತಾರೆ. ಬೆಳೆದ ನೆಲ ಕೃಷ್ಣಗಿರಿಯದು, ಹೆಸರು ಬೆಂಗಳೂರಿನದು. ನಿಮ್ಮ ಪುಸ್ತಕದ ಗತಿಯೂ ಅದೇ ಆಗಬಹುದು ಎಂಬ ಮಾನಸಿಕ ಸಿದ್ಧತೆಗೆ ಈ ಹಣ್ಣು ಒಳ್ಳೆಯದು.

ಹಂತ ಮೂರು: ಪ್ರಕಾಶಕರು ಒಪ್ಪಿದರೆ ಹಾಳೆಯ ಮೇಲೆ ಬರೆಸಿಕೊಳ್ಳಿ. ಇಲ್ಲಿ ಮಾತ್ರ ಕೈಪಿಡಿ ತಮಾಷೆ ಮಾಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಲೇಖಕನ ಪರವಾಗಿಯೇ ಇದೆ. ಓದಿದ ಲೇಖಕರು ಕಡಿಮೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದಲ್ಲಿ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದ ಪಕ್ಷದಲ್ಲಿ, ಅದು ರದ್ದು. ಕೃತಿಸ್ವಾಮ್ಯ ನಿಮ್ಮ ಜೀವಮಾನ ಪೂರ್ತಿ, ಅದರಾಚೆ ಇನ್ನೂ 60 ವರ್ಷ. ‘ಒಂದು ಸಲಕ್ಕೆ ಇಷ್ಟು ತಗೊಂಡು ಪೂರ್ತಿ ಬರೆದುಕೊಟ್ಟುಬಿಡಿ’ ಎಂದರೆ ನಮ್ಮ ಮಾವಿನ ತೋಪಿನವರನ್ನು ನೆನೆಯಿರಿ. ಹೂ ಬಿಟ್ಟಾಗಲೇ ಮರಗಳನ್ನು ಗುತ್ತಿಗೆಗೆ ಕೊಡುವವನು ಒಂದು ಫಸಲಿಗೆ ಮಾತ್ರ ಕೊಡುತ್ತಾನೆ, ಬೇರನ್ನು ಬರೆದುಕೊಡುವುದಿಲ್ಲ.

ಹಂತ ನಾಲ್ಕು: ಗೌರವಧನ ಎಣಿಸಿಕೊಳ್ಳಿ. ಲೆಕ್ಕಕ್ಕೆಂದು 160 ಪುಟದ, 160 ರೂಪಾಯಿಯ ಪುಸ್ತಕ ಹಿಡಿಯೋಣ. ಶೇಕಡಾ 10ರ ಹಾಗೆ ಪ್ರತಿಗೆ 16 ರೂಪಾಯಿ. 500 ಪ್ರತಿ ಪೂರ್ತಿ ಮಾರಾಟವಾದರೆ 8,000. ಎರಡು ವರ್ಷದ ಬರವಣಿಗೆಗೆ ಇದು ಕೂಲಿಯೇ ಎಂದು ಕೇಳಬೇಡಿ; ಕೂಲಿ ಮಗ್ಗದವನು ಆ ಪ್ರಶ್ನೆಯನ್ನು ನಿಮಗಿಂತ ಮೊದಲೇ ಕೇಳಿದ್ದಾನೆ.

ಹಾಗಾದರೆ ಈ ಮಾದರಿಯ ಲಾಭವೇನು? ಮೂರು. ಒಂದು, ‘ಈ ಅಧ್ಯಾಯ ಬೇಡ’ ಎನ್ನುವ ಒಂದು ಪ್ರಾಣಿ ಸಿಗುತ್ತದೆ. ಮನೆಯವರು ಇದನ್ನು ಹೇಳುವುದಿಲ್ಲ, ಗೆಳೆಯರು ಹೇಳಿದರೆ ಗೆಳೆತನ ಉಳಿಯುವುದಿಲ್ಲ. ಎರಡು, ಕರ್ನಾಟಕದ ಅಂಗಡಿಗಳ ಕಪಾಟು, ಗ್ರಂಥಾಲಯ ಖರೀದಿಯ ಅರ್ಜಿ, ಪುಸ್ತಕ ಮೇಳದ ಮಳಿಗೆ ಅವರಿಗೆ ಪರಿಚಿತ ದಾರಿ, ನಿಮಗೆ ಕಾಡು. ಮೂರನೆಯದು ಕಷ್ಟಕಾಲಕ್ಕೆ. 1997ರವರೆಗೆ ನಾಮಕ್ಕಲ್ ನಮ್ಮ ಸೇಲಂ ಜಿಲ್ಲೆಯದೇ ಭಾಗ. ಅಲ್ಲಿನ ತಮಿಳು ಲೇಖಕ ಪೆರುಮಾಳ್ ಮುರುಗನ್ ತಮ್ಮ ‘ಮಾದೊರುಬಾಗನ್’ ಕಾದಂಬರಿಯ ವಿರುದ್ಧ ಜನ ಬೀದಿಗಿಳಿದಾಗ, 2015ರ ಜನವರಿಯಲ್ಲಿ ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿದರು. ಪ್ರಕಾಶಕರಾದ ಕಾಲಚುವಡು ಕೈಬಿಡಲಿಲ್ಲ. 2016ರ ಜುಲೈನಲ್ಲಿ ಮದರಾಸು ಹೈಕೋರ್ಟು ಲೇಖಕನ ಪರವಾಗಿ ತೀರ್ಪು ಕೊಟ್ಟಿತು, ಮುರುಗನ್ ಮತ್ತೆ ಬರೆದರು. ಅಂಥ ದಿನ ಬಂದರೆ, ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿದವನು ಕಲೆಕ್ಟರ್ ಕಚೇರಿಯ ಬೆಂಚಿನ ಮೇಲೆ ಒಬ್ಬನೇ ಕೂರಬೇಕು.

4. ಸ್ವಂತ ಮಗ್ಗ ಜೋಡಿಸುವ ವಿಧಾನ

ಹಂತ ಒಂದು, ಅಕ್ಷರ ಜೋಡಣೆ: ಇದನ್ನು ಊರಲ್ಲೇ ಮಾಡಿಸಿ ಹಣ ಉಳಿಸೋಣವೆಂದು ಹೊರಡಬೇಡಿ. ನಾನು ಹೊರಟಿದ್ದೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾದ ಕಥೆಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಊರ ಅಚ್ಚುಕೂಟವೊಂದಕ್ಕೆ ಹೋದೆ. ಮೊದಲ ಸಲ ತೆರೆದಾಗ ಫಾಂಟು ಇಲ್ಲದೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಆಶ್ಚರ್ಯ ಚಿಹ್ನೆ, ಅರ್ಧ ಕಂಸಗಳು ಕುಣಿದವು. ಫಾಂಟು ಹಾಕಿದೆವು. ಆಪರೇಟರ್ ಹುಡುಗ ಒಳ್ಳೆಯವನು, ಶ್ರದ್ಧೆಯವನು, ತಮಿಳನ್ನು ಮುತ್ತಿನ ಹಾಗೆ ಜೋಡಿಸುವವನು. ತಮಿಳಿನಲ್ಲಿ ಅಕ್ಷರದ ಕೆಳಗೆ ನೇತಾಡುವ ಒತ್ತು ಇಲ್ಲ. ಅವನು ಪರದೆಯನ್ನು ಹತ್ತು ನಿಮಿಷ ದಿಟ್ಟಿಸಿ, ‘ಅಣ್ಣಾ, ಕೆಳಗೆ ಅಲ್ಲಲ್ಲಿ ಏನೇನೋ ಬಿದ್ದಿದೆ, ಕ್ಲೀನ್ ಮಾಡಲಾ?’ ಎಂದು ತಮಿಳಿನಲ್ಲಿ ಕೇಳಿದ. ನಾನು ನಕ್ಕು, ಬೇಡವೆಂದು ಹೇಳಿ, ಚಹಾ ಕುಡಿಯಲು ಹೋದೆ. ಅವನು ಕ್ಲೀನ್ ಮಾಡಲಿಲ್ಲ ನಿಜ. ಆದರೆ ಪುಟ ಉಳಿಸಲೆಂದು ಸಾಲುಗಳ ನಡುವಿನ ಅಂತರವನ್ನು ತಮಿಳಿಗೆ ಒಗ್ಗುವಷ್ಟು ಬಿಗಿ ಮಾಡಿದ. ಕರಡಚ್ಚಿನಲ್ಲಿ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು.

ಕಥೆಯ ಅಕ್ಕ ‘ಅಕ’ ಆಗಿದ್ದಳು. ಹಣ್ಣು ‘ಹಣು’ ಆಗಿತ್ತು. ಕಥಾಸಂಕಲನದ ಎದೆಯಂತಿದ್ದ ವಾಕ್ಯ, ‘ಅಪ್ಪ ಮಗ್ಗ ಮಾರಿದ’ ಎಂಬುದು, ‘ಅಪ ಮಗ ಮಾರಿದ’ ಎಂದಾಗಿತ್ತು. ಮಗ್ಗ ಮಾರಿ ನನ್ನನ್ನು ಓದಿಸಿದ ಅಪ್ಪ ಈ ಪಾಠಾಂತರವನ್ನು ನೋಡಲು ಇರಲಿಲ್ಲ. ಇದ್ದಿದ್ದರೆ ಎರಡೂ ಒಂದೇ ಎನ್ನುತ್ತಿದ್ದನೇನೋ. ನೀತಿ: ಕನ್ನಡದ ಒತ್ತಿಗೆ ಜಾಗ ಬೇಕು. ಅಕ್ಷರ ಜೋಡಣೆಯನ್ನು ಕನ್ನಡ ಓದಬಲ್ಲವರಿಂದಲೇ ಮಾಡಿಸಿ, ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ಎಣಿಸಿ, ಕರಡನ್ನು ಮೂರು ಸಲ ನೋಡಿ. ಅಚ್ಚನ್ನು ಶಿವಕಾಶಿಯಲ್ಲಿ ಹಾಕಿಸಿದರೂ ಅಡ್ಡಿಯಿಲ್ಲ, ಯಂತ್ರಕ್ಕೆ ಭಾಷಾಭೇದವಿಲ್ಲ.

ಹಂತ ಎರಡು, ಸಂಖ್ಯೆ: ಐಎಸ್‌ಬಿಎನ್ ಪಡೆಯಿರಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಇದನ್ನು ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತದೆ. ಇಡೀ ವ್ಯವಹಾರದಲ್ಲಿ ಪುಕ್ಕಟೆ ಸಿಗುವ ವಸ್ತು ಇದೊಂದೇ. ‘ಐಎಸ್‌ಬಿಎನ್ ಶುಲ್ಕ’ ಎಂದು ಯಾರಾದರೂ ಕೇಳಿದರೆ ಉಳಿದ ಲೆಕ್ಕಗಳನ್ನೂ ಅನುಮಾನದಿಂದ ನೋಡಿ.

ಹಂತ ಮೂರು, ಕಾನೂನು: 1954ರ ಪುಸ್ತಕ ವಿತರಣಾ ಕಾಯ್ದೆಯ ಪ್ರಕಾರ, ಪುಸ್ತಕ ಬಂದ 30 ದಿನದೊಳಗೆ ಪ್ರಕಾಶಕ ತನ್ನ ಖರ್ಚಿನಲ್ಲೇ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈನ ಕನ್ನಿಮಾರಾ ಸೇರಿ ಇನ್ನು ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ತಪ್ಪಿದರೆ 50 ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ದಂಡಕ್ಕೆ ಹೆದರಿ ಅಲ್ಲ, ಆಸೆಗೆ ಕಳಿಸಿ. ನಿಮ್ಮ ಪುಸ್ತಕವನ್ನು ಗೆದ್ದಲಿನಿಂದ ಕಾಪಾಡಬೇಕೆಂದು ಸಂಬಳ ಪಡೆಯುವ ಜನ ದೇಶದಲ್ಲಿ ಇರುವುದು ಅಲ್ಲಿ ಮಾತ್ರ.

ಹಂತ ನಾಲ್ಕು, ಲೆಕ್ಕ: ಅದೇ 160 ರೂಪಾಯಿಯ ಪುಸ್ತಕ. ಅಚ್ಚು, ಕಾಗದ, ಬೈಂಡಿಂಗಿಗೆ ಪ್ರತಿಗೆ 60 ಎಂದು ಹಿಡಿದರೆ 500 ಪ್ರತಿಗೆ 30,000. ಜೋಡಣೆ, ಮುಖಪುಟಕ್ಕೆ 10,000. ಒಟ್ಟು 40,000. ಪೂರ್ತಿ ಬೆಲೆಗೆ ಕೈಯಿಂದ ಕೈಗೆ ಮಾರಿದರೆ 250ನೇ ಪ್ರತಿಗೆ ಅಸಲು ಬರುತ್ತದೆ. ಅಂಗಡಿಗೆ ಶೇಕಡಾ 40 ಬಿಟ್ಟುಕೊಟ್ಟರೆ ನಿಮಗೆ ಉಳಿಯುವುದು 96. ಅಸಲು ಬರುವುದು 417ನೇ ಪ್ರತಿಗೆ. 250 ಮತ್ತು 417ರ ನಡುವಿನ ಆ 167 ಪ್ರತಿಗಳೇ ನೋಡಿ ಈ ಕೈಪಿಡಿಯ ತಿರುಳು. ಅಷ್ಟನ್ನು ನೀವೇ ಹೊತ್ತು ತಿರುಗಿ ಮಾರುತ್ತೀರಾ, ಹೊರುವವರಿಗೆ ಕೂಲಿ ಕೊಡುತ್ತೀರಾ?

ಹಂತ ಐದು, ದಾಸ್ತಾನು: ಒಂದು ಪ್ರತಿ 200 ಗ್ರಾಂ, 500 ಪ್ರತಿ 100 ಕೆ.ಜಿ. ಮಂಚದ ಕೆಳಗೆ ಇಡುವುದು ವಾಡಿಕೆ. ನೆಲಕ್ಕೆ ತಾಗಿಸಬೇಡಿ, ಮಗ್ಗದ ಗುಂಡಿಯಿದ್ದ ಮನೆಯ ನೆಲದಲ್ಲಿ ತೇವ ಜಾಸ್ತಿ.

ಕಟ್ಟುಗಳು ಬಂದಿಳಿದ ದಿನ ಅವ್ವನ ಕೈಗೆ ಮೊದಲ ಪ್ರತಿ ಕೊಟ್ಟೆ. ಅವಳು ತೆರೆಯಲಿಲ್ಲ. ಸೀರೆಯ ಸೆರಗನ್ನು ನೋಡುವ ಹಾಗೆ ಹಾಳೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು. ಬೆನ್ನಿನ ಹೊಲಿಗೆ ಎಳೆದು ನೋಡಿದಳು. ಆಮೇಲೆ ಕೇಳಿದಳು: ‘ಕೂಲಿ ಎಷ್ಟು ಕೊಟ್ಟರು?’

‘ಯಾರೂ ಕೊಡಲಿಲ್ಲ ಅವ್ವ. ನಾನೇ ಕೊಟ್ಟೆ.’

‘ಯಾರಿಗೆ?’

‘ಅಚ್ಚು ಹಾಕಿದೋರಿಗೆ.’

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ನೂಲೂ ನಿಂದೇ, ನೇಯ್ದೋನೂ ನೀನೇ, ಕೂಲಿನೂ ನೀನೇ ಕೊಟ್ಟೆ. ಹಂಗಾರೆ ನೀನು ಸಾಹುಕಾರ ಆದ್ಯಾ, ಪಾಪರ್ ಆದ್ಯಾ?’

ಕನ್ನಡ ಪ್ರಕಾಶನ ಕುರಿತು ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

5. ಹಿಂದಿನ ಬಳಕೆದಾರರ ಅನುಭವ

ನಮ್ಮ ಸೀಮೆಯ ಅತಿ ಹಳೆಯ ಸ್ವಯಂಪ್ರಕಾಶನ ಕಲ್ಲಿನ ಮೇಲಿದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. 9ನೇ ಶತಮಾನದಲ್ಲಿ ನೊಳಂಬರ ಆಳ್ವಿಕೆಯಲ್ಲಿ ಇಲ್ಲಿ ಬಸದಿ ಕಟ್ಟಿಸಿದವರು, ದತ್ತಿ ಬಿಟ್ಟವರು ಅದನ್ನು ಕನ್ನಡದಲ್ಲಿ ಕಂಡರಿಸಿದರು. ಶಾಸನವನ್ನು ಯಾವ ಸಂಪಾದಕನೂ ತಿರಸ್ಕರಿಸಲಿಲ್ಲ, ಖರ್ಚು ಕೊಟ್ಟವನ ಹೆಸರು ದಪ್ಪವಾಗಿ ಬಂತು, ಕೆತ್ತಿದ್ದು ಒಂದೇ ಪ್ರತಿ. ಸಾವಿರ ವರ್ಷ ದಾಟಿದರೂ ಓದುವವರಿದ್ದಾರೆ. ಶಾಸನಗಳ ಕೊನೆಯಲ್ಲಿ ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂದು ಶಾಪ ಹಾಕುವ ರೂಢಿಯಿತ್ತಲ್ಲ, ಕನ್ನಡದ ಮೊದಲ ಕಾಪಿರೈಟ್ ಸೂಚನೆ ಅದೇ. ಈಗಿನ ಪಿಡಿಎಫ್ ಕಳ್ಳರಿಗೆ ಕೃತಿಸ್ವಾಮ್ಯ ಕಾಯ್ದೆಗಿಂತ ಅದು ಹೆಚ್ಚು ನಾಟಬಹುದು.

ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದವರೆಂದು ಅವರನ್ನು ಹೊಗಳುತ್ತೇವೆ. ಆ ಗಂಟಿನ ತೂಕ ಎಷ್ಟಿತ್ತೆಂದು ಯಾರೂ ಕೇಳುವುದಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟರು. ಕುವೆಂಪು ತಮ್ಮ ಮನೆಯ ಹೆಸರಲ್ಲೇ ಉದಯರವಿ ಪ್ರಕಾಶನ ನಡೆಸಿದರು, ಮಗ ತೇಜಸ್ವಿ ‘ಪುಸ್ತಕ ಪ್ರಕಾಶನ’ ಎಂಬ ಆಡಂಬರವಿಲ್ಲದ ಹೆಸರಿಟ್ಟುಕೊಂಡರು. ನಮ್ಮ ಕಾಲದಲ್ಲಿ ವಸುಧೇಂದ್ರರ ಛಂದ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೊಸಬರ ಮೊದಲ ಪುಸ್ತಕಗಳನ್ನೂ ಹೊತ್ತಿತು. ಕನ್ನಡದಲ್ಲಿ ಸ್ವಂತ ಪ್ರಕಾಶನ ಯಾರೂ ಸಿಗದವರ ಹಿಂಬಾಗಿಲು ಆಗಿರಲೇ ಇಲ್ಲ, ತಲೆಬಾಗಿಲಲ್ಲೇ ಹಿರಿಯರು ಕೂತಿದ್ದರು.

ಎರಡು ಮಗ್ಗಗಳ ನಡುವಿನ ಜಾಣ ದಾರಿ ಧಾರವಾಡದ್ದು. 1933ರಲ್ಲಿ ಜಿ. ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಮೊದಲು ಚಂದಾದಾರರನ್ನು ಕೂಡಿಸಿ ಆಮೇಲೆ ಪುಸ್ತಕ ಕೊಟ್ಟಿತು. ಓದುಗನೇ ಮುಂಗಡ ನೂಲು ಕೊಟ್ಟ ಹಾಗೆ. ತಮಿಳಿನಲ್ಲಿ ಉ. ವೇ. ಸ್ವಾಮಿನಾಥ ಅಯ್ಯರ್ 1887ರಲ್ಲಿ ‘ಜೀವಕ ಚಿಂತಾಮಣಿ’ ತಂದದ್ದೂ ಮುಂಗಡ ಸಹಿ ಹಾಕಿಸಿಕೊಂಡೇ.

ಅತಿಯಾಸೆಗೆ ಉದಾಹರಣೆ ಬೇಕಿದ್ದರೆ ಸುಬ್ರಹ್ಮಣ್ಯ ಭಾರತಿ. ತಮ್ಮ ಬರವಣಿಗೆಯನ್ನೆಲ್ಲ 40 ಪುಸ್ತಕ ಮಾಡಿ, ಒಂದೊಂದನ್ನು 10,000 ಪ್ರತಿ ಅಚ್ಚು ಹಾಕಿಸುವ ಯೋಜನೆ ಬರೆದು 1920ರಲ್ಲಿ ಗೆಳೆಯರಿಗೆ ಸಾಲ ಕೇಳಿ ಕಾಗದ ಹಾಕಿದರು. ಒಟ್ಟು 4 ಲಕ್ಷ ಪ್ರತಿ. ಯೋಜನೆ ನಡೆಯಲಿಲ್ಲ, 1921ರಲ್ಲಿ ಭಾರತಿ ತೀರಿಕೊಂಡರು. 1949ರಲ್ಲಿ ಮದರಾಸು ಸರ್ಕಾರವೇ ಹಕ್ಕು ಕೊಂಡಿತು, ಆಮೇಲೆ ಜನರಿಗೆ ಬಿಟ್ಟುಕೊಟ್ಟಿತು. ಈಗ ಸೇಲಂ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಭಾರತಿ ಸಿಗುತ್ತಾರೆ. 4 ಲಕ್ಷದ ಅಂದಾಜು ಹೆಚ್ಚಾಗಿರಲಿಲ್ಲ, ಬರೀ ಬೇಗವಾಗಿತ್ತು.

6. ದೋಷ ಮತ್ತು ಪರಿಹಾರ

ದೋಷ: ‘ಕಾಗದವೇ ಏಕೆ, ಇ-ಪುಸ್ತಕ ಮಾಡಿ’ ಎಂದು ಸೋದರಳಿಯ ಹೇಳುತ್ತಾನೆ. ಪರಿಹಾರ: 2016ರ ಕೊನೆಗೆ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊಸ್ತಿಲಾಚೆ ನಿಂತಿತು. ಸೇಲಂನ ಒಂದೇ ಮನೆಯಲ್ಲಿ ತಮಿಳು ಬರೆಯುವ ತಮ್ಮ ರಾತ್ರೋರಾತ್ರಿ ಲೇಖಕನಾಗಬಹುದಿತ್ತು, ಕನ್ನಡ ಬರೆಯುವ ಅಣ್ಣ ಆಗುವಂತಿರಲಿಲ್ಲ. ಕನ್ನಡಕ್ಕೆ ಮೈಲ್ಯಾಂಗ್‌ನಂಥ ಕನ್ನಡಿಗರೇ ಕಟ್ಟಿದ ಆ್ಯಪ್‌ಗಳಿವೆ, ಅಲ್ಲಿಗೆ ಹೋಗಿ. ಅಲ್ಲಿ ಕೇಳುವ ಪುಸ್ತಕಗಳೂ ಉಂಟೆಂಬುದನ್ನು ನೆನಪಿಡಿ. ಮುಂದೆ ಕೆಲಸಕ್ಕೆ ಬರುತ್ತದೆ.

ದೋಷ: ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನು ನುಂಗುತ್ತದೆ. ಪರಿಹಾರ: ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ಸಣ್ಣ ಪ್ರಕಾಶಕರೆಲ್ಲ ಬಾಯಿ ಬಡಿದುಕೊಂಡರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಪುಸ್ತಕವನ್ನು 300 ಗ್ರಾಂ ಒಳಗೇ ಮುಗಿಸಿ. ಬರೆದದ್ದು ಅದಕ್ಕಿಂತ ಭಾರವಾದರೆ 3ನೇ ವಿಭಾಗದ ‘ಈ ಅಧ್ಯಾಯ ಬೇಡ’ ಎನ್ನುವ ಪ್ರಾಣಿಯನ್ನು ಹುಡುಕಿ.

ದೋಷ: ಬಿಡುಗಡೆ ಸಮಾರಂಭಕ್ಕೆ ಜನ ಬಂದರು, ಪುಸ್ತಕ ಕೊಳ್ಳಲಿಲ್ಲ. ಪರಿಹಾರ: ಉಪ್ಪಿಟ್ಟನ್ನು ಪುಸ್ತಕ ಮಾರಾಟದ ಮೇಜಿನ ಆಚೆ ಬದಿಗೆ ಇಡಿ.

ದೋಷ: ಮೇಲಿನ 40 ನೆಂಟರು. ಪರಿಹಾರ: ತಿಳಿದುಬಂದಿಲ್ಲ.

ದೋಷ: ಯಂತ್ರದಲ್ಲಿ ಓದುಗ ಎಂಬ ಭಾಗವೇ ಇಲ್ಲ. ಪರಿಹಾರ: ಇದಕ್ಕೆ ಪ್ರತ್ಯೇಕ ವಿಭಾಗ ಬೇಕು.

7. ಓದುಗನನ್ನು ಜೋಡಿಸುವುದು

ಕಟ್ಟುಗಳು ಬಂದ ವಾರ, ಮಧ್ಯಾಹ್ನ ಕರೆಂಟು ಹೋಗಿ ಪಕ್ಕದ ಮನೆಯ ಪವರ್‌ಲೂಮುಗಳು ನಿಂತವು. ಆ ಸದ್ದಿಗೆ ಒಗ್ಗಿದ ಕಿವಿಗೆ ಮೌನ ಹಿಂಸೆ. ಅವ್ವ ಕಂಡಿಕೆ ಸುತ್ತುತ್ತಾ ಕೂತಿದ್ದಳು. ‘ಏನು ಬರೆದಿದ್ದೀಯ ಓದು, ಕೇಳೋಣ’ ಎಂದಳು. ಮಗ್ಗ ಮಾರಿದ ಕಥೆಯನ್ನು ಓದಿದೆ. ಎರಡನೇ ಪುಟಕ್ಕೆ ಪಕ್ಕದ ಮನೆಯ ಹೆಂಗಸು ಹೊಸ್ತಿಲಲ್ಲಿ ಕೂತಳು, ನಾಲ್ಕನೇ ಪುಟಕ್ಕೆ ಇನ್ನಿಬ್ಬರು. ಒಂದು ಕಡೆ ಅವ್ವ ತಡೆದಳು. ‘ಮಗ್ಗ ಬಿಚ್ಚುವಾಗ ಹಾಸು ಕೊಯ್ಯೋದಿಲ್ಲ ಕಣೋ, ಮೊದಲು ಗಂಟು ಹಾಕ್ತಾರೆ. ತಪ್ಪು ಬರೆದಿದ್ದೀಯ.’ ಬೆಂಗಳೂರಿನ ಯಾವ ವಿಮರ್ಶಕನಿಗೂ ಈ ತಪ್ಪು ಸಿಕ್ಕಿರಲಿಲ್ಲ. ಕರೆಂಟು ಬಂತು. ಯಾರೂ ಏಳಲಿಲ್ಲ. ಕಥೆ ಮುಗಿಸಿದ ಮೇಲೆ ಪಕ್ಕದ ಮನೆಯವಳು ಪುಸ್ತಕ ತೆಗೆದುಕೊಂಡು, ನನ್ನ ಬೆರಳಿಟ್ಟ ಜಾಗ ನೋಡಿ ಕೇಳಿದಳು: ‘ಇದರಲ್ಲಿ ಅಮ್ಮ ಅಂತ ಎಲ್ಲಿದೆ?’

ತೋರಿಸಿದೆ. ಒತ್ತು ಸಮೇತ ಇತ್ತು.

ಸೇಲಂ, ಧರ್ಮಪುರಿಯಲ್ಲಿ ಕನ್ನಡ ಓದುಗ ಸಿದ್ಧವಾಗಿ ಸಿಗುವುದಿಲ್ಲ, ಮೊದಲು ಕೇಳುಗನಾಗಿ ಬರುತ್ತಾನೆ. ಅವನನ್ನು ಯಾವ ಪ್ರಕಾಶಕರೂ ಪಾರ್ಸೆಲ್ಲಿನಲ್ಲಿ ಕಳಿಸಲಾರರು, ಯಾವ ಯೋಜನೆಯೂ ಸಗಟಾಗಿ ಕೊಳ್ಳಲಾರದು. ಒಂದು ಬೀದಿಗೆ ಒಂದು ಪುಸ್ತಕ, ಓದಿ ಹೇಳಲು ಒಂದು ಬಾಯಿ ಸಾಕು. ಹೆಚ್ಚಿಗೆ ಬೇಕಾದ್ದು ಸಂಜೆಗೊಂದು ತಾಸು ಕಾಗುಣಿತ ಹೇಳಿಕೊಡುವ ತಾಳ್ಮೆ.

8. ಅಂತಿಮ ಸೂಚನೆ

ಎಲ್ಲ ಹಂತ ಮುಗಿದ ಮೇಲೂ ‘ಯಾವ ಮಾದರಿ ಒಳ್ಳೆಯದು, ನೇರವಾಗಿ ಹೇಳಿ’ ಎನ್ನುವವರಿಗೆ: ಮೊದಲ ಪುಸ್ತಕವನ್ನು ಕೂಲಿ ಮಗ್ಗಕ್ಕೆ ಕೊಡಿ, ಸಿಕ್ಕರೆ. ‘ಬೇಡ’ ಎನ್ನುವವರಿಂದ ಕಲಿಯುವುದಿದೆ, ಕರ್ನಾಟಕದ ಕಪಾಟು ತಲುಪಲು ಬೇರೆಯವರ ಹೆಗಲು ಬೇಕು. ಎರಡು ವರ್ಷ ಕಾದರೂ ಯಾರೂ ಮುಟ್ಟದಿದ್ದರೆ, ಅಥವಾ ಬರೆದದ್ದು ನಿಮ್ಮ ಬೀದಿಗಾಗಿಯೇ ಆಗಿದ್ದರೆ, ಸ್ವಂತ ಮಗ್ಗ ಹೂಡಿ. ಆದರೆ 500 ಬೇಡ. ಈಗ ಡಿಜಿಟಲ್ ಅಚ್ಚಿನಲ್ಲಿ 100 ಪ್ರತಿಯೂ ಬರುತ್ತದೆ. ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ಮಂಚದ ಕೆಳಗೆ ಜಾಗ ಉಳಿಯುತ್ತದೆ. 100 ಪ್ರತಿ ಎಂದರೆ 20 ಕೆ.ಜಿ., ಎರಡು ಕೈಚೀಲ. ಎರಡು ಕೈಯಲ್ಲಿ ಹಿಡಿದು ಧರ್ಮಪುರಿ ಬಸ್ಸು ಹತ್ತಲು ಆಗುವಷ್ಟನ್ನು ಮಾತ್ರ ಅಚ್ಚು ಹಾಕಿಸಿ. ಗಳಗನಾಥರ ಗಂಟಿನ ಅಳತೆಯೂ ಹೆಚ್ಚುಕಡಿಮೆ ಇಷ್ಟೇ ಇದ್ದಿರಬೇಕು.

ಈ ಕೈಪಿಡಿಗೆ ವಾರಂಟಿ ಇಲ್ಲ. ಬರೆದವನ ಮಂಚದ ಕೆಳಗೆ ಇನ್ನೂ 137 ಪ್ರತಿ ಉಳಿದಿವೆ. ಹಾಸು ಕೊಯ್ಯುವ ತಪ್ಪನ್ನು ಎಲ್ಲದರಲ್ಲೂ ಪೆನ್ನಿನಿಂದ ತಿದ್ದಿದೆ.